ತಪ್ಪಿಗೆ ಜಾಗವಿರುವ ವಾರ್ಡು

ಬೆಳಿಗ್ಗೆ ಏಳೂವರೆಗೆ ಮಾಕಳಿಯ ಸರ್ವಿಸ್ ರಸ್ತೆ ಪೂರ್ತಿ ಎಚ್ಚರವಾಗಿರುತ್ತದೆ. ಪಕ್ಕದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರು ಕಡೆಯ ಲಾರಿಗಳು ಗೇರು ಇಳಿಸಿ ಬೆಂಗಳೂರಿಗೆ ನುಗ್ಗುತ್ತಿರುತ್ತವೆ. ಹೋಟೆಲ್ ಬಾಗಿಲಲ್ಲಿ ಇಡ್ಲಿ ಪಾತ್ರೆಯ ಹಬೆ, ತಳ್ಳುಗಾಡಿಯಲ್ಲಿ ಹೆಚ್ಚಿಟ್ಟ ಪಪ್ಪಾಯಿ. ಕಾರ್ಖಾನೆ ಬಸ್ಸಿಗೆ ಕಾಯುವವರು ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡು ಒಂದು ಕಡೆ ನಿಂತಿದ್ದರೆ, ಬಿಳಿ ಕೋಟು ಮಡಚಿ ತೋಳ ಮೇಲೆ ಹಾಕಿಕೊಂಡ ಹುಡುಗಿಯರು ಇನ್ನೊಂದು ಕಡೆ. ಅವರ ನಡುವೆ ನಾಲ್ಕಾರು ಹುಡುಗರು. ಕೂದಲು ಬಿಗಿದು ಕಟ್ಟಿದ ಬನ್ನು, ಜೇಬಿನಲ್ಲಿ ಕತ್ತರಿ, ಎರಡು ಬಣ್ಣದ ಪೆನ್ನು, ಎದೆಗೆ ಸಿಕ್ಕಿಸಿದ ಪುಟ್ಟ ಗಡಿಯಾರ. ನರ್ಸಿಂಗ್ ವಿದ್ಯಾರ್ಥಿಗಳೆಂದು ಯಾರೂ ಹೇಳಬೇಕಾಗಿಲ್ಲ.

ಮಾಕಳಿಗೆ ಔಷಧದ ನಂಟು ಹೊಸದಲ್ಲ. ಲಿವ್.52 ಮಾತ್ರೆಯಿಂದ ಮನೆಮಾತಾದ ಹಿಮಾಲಯ ಕಂಪನಿಯ ಕಾರ್ಖಾನೆ ಇರುವುದು ಇದೇ ಊರಿನಲ್ಲಿ. ಇತ್ತ ನೆಲಮಂಗಲ, ಅತ್ತ ಹೆಸರಘಟ್ಟ ರಸ್ತೆಯ ಚಿಕ್ಕಬಾಣಾವರ, ಸೋಲದೇವನಹಳ್ಳಿ. ಈ ಸುತ್ತಿನಲ್ಲಿ ನರ್ಸಿಂಗ್ ಕಾಲೇಜುಗಳ ಫಲಕಗಳು ಒಂದರ ಹಿಂದೊಂದು ಕಾಣುತ್ತವೆ. 2024ರ ನವೆಂಬರಿನಲ್ಲಿ ಮೆಟ್ರೊ ರೈಲು ನಾಗಸಂದ್ರ ದಾಟಿ ಮಾದಾವರದವರೆಗೆ ಬಂದ ಮೇಲೆ ನಗರದೊಳಗಿನ ಆಸ್ಪತ್ರೆಗಳಿಗೆ ಓಡಾಡುವುದೂ ಸುಲಭವಾಗಿದೆ. ಸಿರಾ, ಪಾವಗಡ, ಮಧುಗಿರಿ, ಕೊರಟಗೆರೆಯ ಮಕ್ಕಳಿಗೆ ಇದು ಮನೆ ಕಡೆಯ ದಾರಿ. ಕೊಟ್ಟಾಯಂನಿಂದ, ಮಣಿಪುರದಿಂದ, ಬಂಗಾಳದಿಂದ ಬಂದವರಿಗೆ ಇದೇ ಬೆಂಗಳೂರು.

ಅರ್ಧದಷ್ಟು ಮಂದಿ ಕಾಲೇಜು ಬಸ್ಸು ಹತ್ತಿ ಆಸ್ಪತ್ರೆಯ ಪೋಸ್ಟಿಂಗಿಗೆ ಹೋಗುತ್ತಾರೆ. ಉಳಿದವರು ಅಡ್ಡರಸ್ತೆಗೆ ತಿರುಗಿ, ಇನ್ನೂ ಸುಣ್ಣದ ವಾಸನೆ ಬಿಡದ ಒಂದು ಕಟ್ಟಡದ ಎರಡನೇ ಮಹಡಿ ಹತ್ತುತ್ತಾರೆ. ಅವರದ್ದೂ ಇವತ್ತು ವಾರ್ಡ್ ಡ್ಯೂಟಿಯೇ. ವಾರ್ಡು ಮಾತ್ರ ಕಂಪ್ಯೂಟರಿನೊಳಗಿದೆ.

ನಿಮಿಷಕ್ಕೆ ಎಷ್ಟು ಹನಿ?

ಲ್ಯಾಬಿನ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಒಳಗೆ ನಾಲ್ಕು ಸಾಲು ಮೇಜು, ಕಿಟಕಿಗೆ ನೀಲಿ ಪರದೆ, ಮೂಲೆಯಲ್ಲಿ ಕರೆಂಟು ಹೋದಾಗಲೆಲ್ಲ ಕೀಚುಗುಡುವ ಯುಪಿಎಸ್. ಎರಡು ಸಿಸ್ಟಂ ಕೆಟ್ಟಿರುವುದರಿಂದ ಕೆಲವರು ಇಬ್ಬಿಬ್ಬರಾಗಿ ಕೂತಿದ್ದಾರೆ. ಹಾಗೆ ಕೂತವರಲ್ಲಿ ಒಬ್ಬಳು ಪಾವಗಡದ ಕಡೆಯವಳು, ಇನ್ನೊಬ್ಬಳು ಕೊಟ್ಟಾಯಂನವಳು. ಪಾವಗಡದವಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಪಿಯುಸಿಯಲ್ಲಿ ವಿಜ್ಞಾನ. ಊರಿನಲ್ಲಿ ಕಂಪ್ಯೂಟರ್ ಮುಟ್ಟಿದ್ದು ಅಷ್ಟಕ್ಕಷ್ಟೆ. ಮೌಸ್ ಹಿಡಿಯುವಾಗ ಬೆರಳುಗಳು ಇನ್ನೂ ಬಿಗಿ.

ಪರದೆಯ ಮೇಲೆ ಹಾಸಿಗೆ, ಅದರಲ್ಲಿ 68 ವರ್ಷದ ಗಂಡಸು. ಹಿಂದೆ ಹೃದಯದ ತೊಂದರೆ ಇತ್ತೆಂದು ಕೇಸ್ ಶೀಟು ಹೇಳುತ್ತದೆ. ಡಾಕ್ಟರ ಆರ್ಡರು: 500 ಮಿಲಿ ನಾರ್ಮಲ್ ಸಲೈನ್, ನಾಲ್ಕು ಗಂಟೆಯಲ್ಲಿ ಹೋಗಬೇಕು. ಪಕ್ಕದಲ್ಲಿ ಡ್ರಿಪ್ ಸೆಟ್ಟಿನ ಪ್ಯಾಕೆಟ್ಟಿನ ಚಿತ್ರ. ಕೆಳಗೆ ಖಾಲಿ ಚೌಕ: ನಿಮಿಷಕ್ಕೆ ಎಷ್ಟು ಹನಿ ಬಿಡುತ್ತೀರಿ?

ಪಾವಗಡದ ಹುಡುಗಿ ರಫ್ ನೋಟಿನಲ್ಲಿ ಲೆಕ್ಕ ಹಾಕುತ್ತಾಳೆ. 500 ಗುಣಿಸು 60, ಭಾಗಿಸು 240. ಬಂದದ್ದು 125. ಟೈಪ್ ಮಾಡಿ ಎಂಟರ್ ಒತ್ತುತ್ತಾಳೆ.

ಪರದೆ ತಪ್ಪು ಎನ್ನುವುದಿಲ್ಲ. ಗಡಿಯಾರದ ಮುಳ್ಳನ್ನು ಮುಂದಕ್ಕೆ ಓಡಿಸುತ್ತದೆ. ಬಾಟಲಿಯ ನೀರು ಇಳಿಯುತ್ತಾ ಹೋಗುತ್ತದೆ. ನಾಲ್ಕು ಗಂಟೆ ಹೋಗಬೇಕಾದದ್ದು 80 ನಿಮಿಷಕ್ಕೆ ಖಾಲಿ. ರೋಗಿಯ ಉಸಿರು ನಿಮಿಷಕ್ಕೆ 18ರಿಂದ 34ಕ್ಕೆ ಏರುತ್ತದೆ, ಆಮ್ಲಜನಕದ ಪ್ರಮಾಣ 95ರಿಂದ 86ಕ್ಕೆ ಇಳಿಯುತ್ತದೆ. ಹೆಡ್‌ಫೋನಿನಲ್ಲಿ ಶ್ವಾಸಕೋಶದ ಸದ್ದು ಬದಲಾಗಿ ಚಟಪಟ ಕೇಳಿಸತೊಡಗುತ್ತದೆ. ಬಳಲಿದ ಹೃದಯಕ್ಕೆ ಅಷ್ಟು ನೀರು ಅಷ್ಟು ಬೇಗ ಸುರಿದರೆ ಅದು ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

ಟ್ಯೂಟರ್ ಬಂದು ಹಿಂದೆ ನಿಲ್ಲುತ್ತಾರೆ. ದನಿ ಏರಿಸುವುದಿಲ್ಲ.

“ಅರವತ್ತು ಎಲ್ಲಿಂದ ತಗೊಂಡೆ?”

“ಒಂದು ಮಿಲಿಗೆ ಅರವತ್ತು ಹನಿ ಅಂತ ನೆನಪಿತ್ತು ಮ್ಯಾಮ್.”

“ಅದು ಮಕ್ಕಳಿಗೆ ಹಾಕೋ ಮೈಕ್ರೊ ಸೆಟ್ಟು. ಪ್ಯಾಕೆಟ್ ಮೇಲೆ ಏನು ಬರ್ದಿದ್ದಾರೆ ಓದು.”

ಹುಡುಗಿ ಚಿತ್ರವನ್ನು ಹಿಗ್ಗಿಸಿ ನೋಡುತ್ತಾಳೆ. ಮಿಲಿಗೆ 20 ಹನಿ. ಮತ್ತೆ ಲೆಕ್ಕ: ಹತ್ತು ಸಾವಿರ ಭಾಗಿಸು 240. ಸುಮಾರು 42. ಈ ಸಲ ಗಡಿಯಾರ ಓಡುತ್ತದೆ, ಬಾಟಲಿ ನಿಧಾನವಾಗಿ ಇಳಿಯುತ್ತದೆ, ರೋಗಿಯ ಉಸಿರು ಇದ್ದಲ್ಲೇ ಇರುತ್ತದೆ. ಕೊಟ್ಟಾಯಂನ ಹುಡುಗಿ “ಈಗ ನನ್ನ ಟರ್ನ್” ಎಂದು ಕೀಬೋರ್ಡನ್ನು ತನ್ನ ಕಡೆ ಎಳೆದುಕೊಳ್ಳುತ್ತಾಳೆ.

ಪಾವಗಡದ ಹುಡುಗಿಯ ಮುಖ ನೋಡಿದವರಿಗೆ ಕಂಪ್ಯೂಟರ್ ಇಲ್ಲಿ ಏಕೆ ಬೇಕು ಎಂದು ವಾದ ಮಾಡಿ ತಿಳಿಸಬೇಕಾಗಿಲ್ಲ. ಪ್ಯಾಕೆಟ್ ಓದದೆ ಹನಿ ಎಣಿಸಬಾರದು ಎಂಬುದು ಪಠ್ಯದಲ್ಲಿದೆ, ಮೇಡಂ ನೋಟ್ಸಿನಲ್ಲಿದೆ, ಪರೀಕ್ಷೆಯಲ್ಲೂ ಬರುತ್ತದೆ. ಆದರೆ ಅದು ಅವಳ ಒಳಕ್ಕಿಳಿದದ್ದು ಆ ಮುದುಕನ ಉಸಿರು ಏರಿದಾಗ. ನಿಜವಾದ ವಾರ್ಡಿನಲ್ಲಿ ಈ ಪಾಠಕ್ಕೆ ಯಾರದೋ ಮನೆಯ ಹಿರಿಯರು ಬೆಲೆ ತೆರಬೇಕಾಗುತ್ತಿತ್ತು. ಇಲ್ಲಿ ಯಾರೂ ತೆರಲಿಲ್ಲ.

ಗೊಂಬೆಯ ಎದೆ, ಪರದೆಯ ಗೆರೆ

ಪಕ್ಕದ ಕೋಣೆ ಸ್ಕಿಲ್ ಲ್ಯಾಬ್. ಹಾಸಿಗೆಗಳ ಮೇಲೆ ಮಲಗಿರುವವರೆಲ್ಲ ಮ್ಯಾನಿಕಿನ್ನುಗಳು. ಮಕ್ಕಳು ಕರೆಯುವುದು ಗೊಂಬೆ ಎಂದೇ. ಒಂದು ಗೊಂಬೆಯ ತೋಳು ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಬಣ್ಣ ಕಳೆದುಕೊಂಡಿದೆ. ಹೆರಿಗೆಯ ಗೊಂಬೆಯ ಹೊಟ್ಟೆಯೊಳಗೆ ಬಟ್ಟೆಯ ಮಗು. ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದ ಇನ್ನೊಂದರ ಎದೆಯೊಳಗೆ ಸೆನ್ಸರ್, ಅದರಿಂದ ಲ್ಯಾಪ್‌ಟಾಪಿಗೆ ಒಂದು ತಂತಿ.

ಮೂರನೇ ವರ್ಷದ ಹುಡುಗನೊಬ್ಬ ಮಂಡಿಯೂರಿ ಎದೆ ಒತ್ತುತ್ತಿದ್ದಾನೆ. ಪ್ರತಿ ಒತ್ತಿಗೂ ಪರದೆಯಲ್ಲಿ ಗೆರೆ ಕೆಳಗಿಳಿದು ಮೇಲೇಳುತ್ತದೆ. ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ವೇಗ, ಮೂವತ್ತು ಒತ್ತಿಗೆ ಎರಡು ಉಸಿರು. ಗೆರೆ ಈ ಮಿತಿಯೊಳಗಿದ್ದರೆ ಹಸಿರು, ದಾಟಿದರೆ ಕೆಂಪು. ಶುರುವಿನಲ್ಲಿ ಅವನ ವೇಗ 130ಕ್ಕೆ ಹೋಗಿದೆ. ಗಾಬರಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಆಮೇಲೆ ಸರಿಹೋಯಿತು. ಆದರೆ ಇನ್ನೊಂದು ತಪ್ಪನ್ನು ಕಣ್ಣು ಹಿಡಿಯಲಾರದು, ಸೆನ್ಸರ್ ಹಿಡಿದಿದೆ: ಒತ್ತಿದ ಮೇಲೆ ಅವನು ಕೈಯನ್ನು ಪೂರ್ತಿ ಸಡಿಲಿಸುತ್ತಿಲ್ಲ. ಎದೆ ಪೂರ್ತಿ ಮೇಲೆ ಬಂದರೆ ಮಾತ್ರ ಹೃದಯಕ್ಕೆ ರಕ್ತ ಮತ್ತೆ ತುಂಬಿಕೊಳ್ಳುತ್ತದೆ. ಎರಡು ನಿಮಿಷಕ್ಕೆ ಅವನು ಬೆವೆತು ಎದ್ದ. ಪರದೆ ಅವನ ಲೆಕ್ಕವನ್ನೆಲ್ಲ ಮುಂದಿಟ್ಟಿತು. “ಇನ್ನೊಂದ್ಸಲ ಮಾಡ್ತೀನಿ ಮ್ಯಾಮ್” ಎಂದವನೇ ಮತ್ತೆ ಮಂಡಿಯೂರಿದ.

ನರ್ಸಿಂಗ್ ಕಲಿಕೆಯಲ್ಲಿ ಗೊಂಬೆಗಳಿಗೆ ನೂರು ವರ್ಷ ದಾಟಿದ ಇತಿಹಾಸವಿದೆ. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗಾಗಿ ಮಾರ್ಥಾ ಚೇಸ್ ಎಂಬ ಗೊಂಬೆ ತಯಾರಕಿ 1911ರಲ್ಲಿ ಆಳೆತ್ತರದ ಗೊಂಬೆ ಮಾಡಿಕೊಟ್ಟರು. ಶಾಲೆಗಳಲ್ಲಿ ಅದು ಮಿಸೆಸ್ ಚೇಸ್ ಎಂದೇ ಹೆಸರಾಯಿತು. ಹೊರಳಿಸುವುದು, ಬಟ್ಟೆ ಬದಲಿಸುವುದು, ಹಾಸಿಗೆ ಹಾಸುವುದು ಅದರ ಮೇಲೆ ಕಲಿತು ಆಮೇಲೆ ರೋಗಿಯ ಬಳಿ ಹೋಗುತ್ತಿದ್ದರು. ಉಸಿರು ಕೊಡುವುದನ್ನು ಕಲಿಸುವ ರೆಸಸಿ ಆನ್ ಗೊಂಬೆ 1960ರಲ್ಲಿ ಬಂತು. ಮಾಡಿದವರು ನಾರ್ವೆಯ ಆಸ್ಮುಂಡ್ ಲೆರ್ಡಾಲ್, ಅವರೂ ಆಟಿಕೆ ತಯಾರಕರೇ. ಆಗ ಕಲಿಯುವವರ ಕೈ ಸರಿಯೋ ತಪ್ಪೋ ಎಂದು ಹೇಳಬೇಕಾದವರು ಪಕ್ಕದಲ್ಲಿ ನಿಂತ ಶಿಕ್ಷಕಿ ಮಾತ್ರ. ಅರವತ್ತು ಮಂದಿಯ ತರಗತಿಯಲ್ಲಿ ಒಬ್ಬ ಶಿಕ್ಷಕಿ ಪ್ರತಿಯೊಬ್ಬರ ಪ್ರತಿ ಒತ್ತನ್ನೂ ನೋಡುವುದು ಆಗದ ಮಾತು. ಎದೆಯೊಳಗಿನ ಸೆನ್ಸರು ಆ ಕೊರತೆಯನ್ನು ತುಂಬಿದೆ.

1963ರ ಎದೆನೋವು

ಕಂಪ್ಯೂಟರ್ ಮುಂದೆ ನರ್ಸಿಂಗ್ ವಿದ್ಯಾರ್ಥಿನಿಯನ್ನು ಮೊದಮೊದಲು ಕೂರಿಸಿದವರೂ ಒಬ್ಬ ನರ್ಸೇ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಪ್ಲೇಟೊ ಎಂಬ ಬೋಧನಾ ಕಂಪ್ಯೂಟರ್ ಶುರುವಾಯಿತು. ಅದರ ರೂವಾರಿ ಡೊನಾಲ್ಡ್ ಬಿಟ್ಜರ್. ಅವರ ಪತ್ನಿ ಮೇರಿಯಾನ್ ಬಿಟ್ಜರ್ ನರ್ಸಿಂಗ್ ಕಲಿತವರು. 1963ರಲ್ಲಿ ಅವರು ಹೃದಯಾಘಾತವಾದ ರೋಗಿಯ ಶುಶ್ರೂಷೆಯನ್ನು ಪ್ಲೇಟೊದ ಪಾಠವಾಗಿ ಹೆಣೆದರು. ಉತ್ತರ ಹೇಳಿಕೊಡುವ ಪಾಠ ಅದಲ್ಲ. ವಿದ್ಯಾರ್ಥಿನಿ ಯಂತ್ರವನ್ನು ಕೇಳಬೇಕು: ನಾಡಿ ಎಷ್ಟಿದೆ, ನೋವು ಹೇಗಿದೆ, ಈ ಔಷಧ ಕೊಟ್ಟರೆ ಏನಾಗುತ್ತದೆ? ಕೇಳಿದ್ದಕ್ಕಷ್ಟೇ ಉತ್ತರ. ಏನನ್ನು ಕೇಳಬೇಕು ಎಂದು ಕಂಡುಕೊಳ್ಳುವುದೇ ಕಲಿಕೆ. ಹೀಗೆ ಕಲಿತವರು ತರಗತಿಯಲ್ಲಿ ಕೂತು ಕಲಿತವರಿಗಿಂತ ಕಡಿಮೆ ಸಮಯದಲ್ಲಿ ಅಷ್ಟೇ ಚೆನ್ನಾಗಿ ಕಲಿತರು ಎಂಬುದು ಅವರ ಪ್ರಯೋಗಗಳಲ್ಲಿ ಕಂಡುಬಂತು. ಮುಂದೆ ಬಾಣಂತಿ, ಮಗುವಿನ ಆರೈಕೆಯ ಪಾಠಗಳೂ ಪ್ಲೇಟೊಗೆ ಬಂದವು. ಪಾಠದ ಚಿತ್ರಗಳಿಗೆಂದೇ 1964ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಪ್ಲಾಸ್ಮಾ ಪರದೆ ಹುಟ್ಟಿತು. ನಮ್ಮ ಮನೆಗಳಿಗೆ ಟಿವಿಯಾಗಿ ಬರುವ ಎಷ್ಟೋ ಮೊದಲು ಅದು ಪಾಠ ಹೇಳುತ್ತಿತ್ತು.

ಈ ದಾರಿ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ 2014ರಲ್ಲಿ ದೊಡ್ಡದೊಂದು ಅಧ್ಯಯನ ಉತ್ತರ ಕೊಟ್ಟಿತು. ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಪರಿಷತ್ತು 10 ಕಾಲೇಜುಗಳಲ್ಲಿ ವಿದ್ಯಾರ್ಥಿಗಳನ್ನು ಮೊದಲ ಕ್ಲಿನಿಕಲ್ ಕಲಿಕೆಯಿಂದ ಹಿಡಿದು ಕೊನೆಯವರೆಗೂ ಗಮನಿಸಿತು. ವಾರ್ಡಿನ ಗಂಟೆಗಳಲ್ಲಿ ಅರ್ಧದವರೆಗೂ ಒಳ್ಳೆಯ ಗುಣಮಟ್ಟದ ಸಿಮ್ಯುಲೇಷನ್ ತುಂಬಿದರೂ ಅವರ ತಿಳಿವಳಿಕೆಯಲ್ಲಿ, ಕೈಗುಣದಲ್ಲಿ ಕೊರತೆ ಕಾಣಲಿಲ್ಲ. ಆದರೆ ಅದಕ್ಕೊಂದು ಷರತ್ತಿತ್ತು: ತರಬೇತಾದ ಶಿಕ್ಷಕರಿರಬೇಕು, ಅಭ್ಯಾಸ ಮುಗಿದ ಮೇಲೆ ಕೂತು ಮಾತಾಡಲು ಸಮಯವಿರಬೇಕು. ಸಲಕರಣೆ ಕೊಳ್ಳುವವರು ಮೊದಲರ್ಧ ಓದುತ್ತಾರೆ. ಮಕ್ಕಳನ್ನು ಕಾಪಾಡುವುದು ಎರಡನೆಯ ಅರ್ಧ.

ಪಠ್ಯ ಬದಲಾಗಿದೆ

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿಎಸ್ಸಿ ನರ್ಸಿಂಗಿಗೆ ಹೊಸ ಪಠ್ಯಕ್ರಮ ತಂದಿತು. ವರ್ಷದ ಪರೀಕ್ಷೆ ಹೋಗಿ ಎಂಟು ಸೆಮಿಸ್ಟರ್ ಬಂದವು. ಮುಂಚೆ ಮೊದಲ ವರ್ಷದಲ್ಲಿ ಕಂಪ್ಯೂಟರ್ ಪರಿಚಯ ಎಂಬ ಚಿಕ್ಕ ವಿಷಯವಿತ್ತು, ಟೈಪಿಂಗ್ ಮತ್ತು ಪ್ರೆಸೆಂಟೇಷನ್ ಕಲಿತರೆ ಮುಗಿಯಿತು. ಈಗ ಎರಡನೇ ಸೆಮಿಸ್ಟರಿನಲ್ಲಿ ಆರೋಗ್ಯ ಮತ್ತು ನರ್ಸಿಂಗ್ ಮಾಹಿತಿ ತಂತ್ರಜ್ಞಾನ ಎಂಬುದೇ ಒಂದು ವಿಷಯ. 40 ಗಂಟೆ ಪಾಠ, 40 ಗಂಟೆ ಲ್ಯಾಬ್. ರೋಗಿಯ ಡಿಜಿಟಲ್ ದಾಖಲೆ ಬರೆಯುವುದು, ಆ ದಾಖಲೆಯ ಗುಟ್ಟು ಕಾಪಾಡುವುದು, ಮಾಹಿತಿ ತಪ್ಪಿದರೆ ರೋಗಿಗೆ ಆಗುವ ಅಪಾಯ, ಪುರಾವೆ ಹುಡುಕುವ ಬಗೆ ಎಲ್ಲವೂ ಅದರೊಳಗಿವೆ. ಹೆರಿಗೆಯ ವಿಷಯಕ್ಕೆ ಬಂದರೆ, ಡೆನ್ಮಾರ್ಕಿನ ಮೆಟರ್ನಿಟಿ ಫೌಂಡೇಷನ್ ರೂಪಿಸಿದ ಸೇಫ್ ಡೆಲಿವರಿ ಆ್ಯಪನ್ನೂ ಪರಿಷತ್ತು ಕಲಿಕೆಯ ಭಾಗವಾಗಿ ಸೇರಿಸಿದೆ.

ಅಂಕಿಸಂಖ್ಯೆಯನ್ನು ಶುಶ್ರೂಷೆಯಿಂದ ಹೊರಗಿನದು ಎಂದುಕೊಳ್ಳುವುದು ತಪ್ಪು. ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದ ಚಿತ್ರ ಎಲ್ಲ ಕಾಲೇಜಿನ ಗೋಡೆಯಲ್ಲೂ ಇದೆ. ಆ ಮಹಾತಾಯಿ 1858ರಲ್ಲಿ ಸೈನಿಕರ ಸಾವಿನ ಅಂಕಿಗಳನ್ನು ವೃತ್ತಾಕಾರದ ನಕ್ಷೆಯಲ್ಲಿ ಬಿಡಿಸಿ, ಗಾಯಕ್ಕಿಂತ ಹೆಚ್ಚು ಜನ ಸತ್ತದ್ದು ತಡೆಯಬಹುದಾದ ರೋಗಗಳಿಂದ ಎಂದು ತೋರಿಸಿದರು. ವಾರ್ಡಿನಲ್ಲಿ ನಾಡಿ ಎಣಿಸಿ ಬರೆದಿಟ್ಟ ಪ್ರತಿ ಅಂಕಿಯೂ ಯಾರದೋ ಪ್ರಾಣಕ್ಕೆ ಸಂಬಂಧಪಟ್ಟದ್ದು ಎಂದು ಅವರಿಗೆ ಗೊತ್ತಿತ್ತು.

ಕರ್ನಾಟಕದಲ್ಲಿ ಬುನಾದಿ ಬೀಳಲು ಶುರುವಾಗಿ ಬಹಳ ಕಾಲವಾಯಿತು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲೇ ಹೆಲಿನೆಟ್ ಎಂಬ ಜಾಲ ಕಟ್ಟಿತು. ಒಂದು ಕಾಲೇಜು ತನ್ನ ದುಡ್ಡಿನಲ್ಲಿ ಎಂದೂ ತರಿಸಲಾರದ ವಿದೇಶಿ ನಿಯತಕಾಲಿಕೆಗಳು ಅದರ ಮೂಲಕ ಸಂಯೋಜಿತ ಕಾಲೇಜುಗಳ ಪರದೆಗೆ ಬಂದವು. ಪ್ರಶ್ನೆಪತ್ರಿಕೆ ಈಗ ಕಾಲೇಜಿಗೆ ತಲುಪುವುದು ಆನ್‌ಲೈನಿನಲ್ಲಿ, ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆಯೇ ತಿದ್ದುತ್ತಾರೆ. ಏಮ್ಸ್ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಯುವ ನಾರ್ಸೆಟ್ ಕಂಪ್ಯೂಟರ್ ಪರೀಕ್ಷೆ. ಅಮೆರಿಕಕ್ಕೆ ಹೋಗಬಯಸುವವರು ಬರೆಯುವ ಎನ್‌ಕ್ಲೆಕ್ಸ್ 1994ರಿಂದಲೇ ಕಂಪ್ಯೂಟರಿನಲ್ಲಿದೆ. ಹಿಂದಿನ ಉತ್ತರ ಸರಿಯೋ ತಪ್ಪೋ ನೋಡಿ ಮುಂದಿನ ಪ್ರಶ್ನೆಯನ್ನು ಕಠಿಣ ಅಥವಾ ಸುಲಭ ಮಾಡುವ ಪರೀಕ್ಷೆ ಅದು, ಬೆಂಗಳೂರಿನಲ್ಲೇ ಬರೆಯಬಹುದು. ಕೊಟ್ಟಾಯಂನ ಹುಡುಗಿಯ ಡೈರಿಯ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಅದೇ ಪರೀಕ್ಷೆಯ ಹೆಸರು.

ಹಾಸ್ಟೆಲಿನಲ್ಲಿ ರಾತ್ರಿ ಒಂಬತ್ತಕ್ಕೆ ಊಟ ಮುಗಿದ ಮೇಲೆ ಕಲಿಕೆ ಮೊಬೈಲಿಗೆ ಇಳಿಯುತ್ತದೆ. 2020ರಲ್ಲಿ ಕೋವಿಡ್ ಬಂದು ಕಾಲೇಜು ಮುಚ್ಚಿದಾಗ ಹೀಗೆ ಓದುವುದು ಅನಿವಾರ್ಯವಾಗಿತ್ತು. ಸಿಗ್ನಲ್ ಸಿಗದ ಊರುಗಳ ಮಕ್ಕಳು ಮಾಳಿಗೆ ಹತ್ತಿ, ಕೆರೆ ಏರಿಗೆ ಹೋಗಿ ಪಾಠ ಕೇಳಿದರು. ಈಗ ಅದು ರೂಢಿ. ಮಂಚದ ಮೇಲೆ ಮೂವರು ಒಂದೇ ಫೋನಿಗೆ ತಲೆ ಕೊಟ್ಟು ಹೆರಿಗೆ ನಂತರದ ರಕ್ತಸ್ರಾವದ ಅನಿಮೇಷನ್ ನೋಡುತ್ತಾರೆ. ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಸ್ನಾಯುವಿಗೆ, ಗರ್ಭಕೋಶ ಗಟ್ಟಿಯಾಯಿತೇ ಎಂದು ಹೊಟ್ಟೆ ಮುಟ್ಟಿ ನೋಡುವುದು, 500 ಮಿಲಿ ದಾಟಿದರೆ ಅಪಾಯದ ಗಂಟೆ. ಒಮ್ಮೆ ಇಳಿಸಿಕೊಂಡರೆ ಈ ಸೇಫ್ ಡೆಲಿವರಿ ಆ್ಯಪಿಗೆ ಇಂಟರ್ನೆಟ್ ಬೇಡ. ಡೇಟಾ ಪ್ಯಾಕ್ ಮುಗಿದ ತಿಂಗಳ ಕೊನೆಯಲ್ಲಿ ಇದರ ಬೆಲೆ ಹಾಸ್ಟೆಲಿನವರಿಗೇ ಗೊತ್ತು. ಹಗಲು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಅಂಜುವ ಹುಡುಗಿ ಇಲ್ಲಿ ಅದೇ ದೃಶ್ಯವನ್ನು ಎಷ್ಟು ಸಲ ಬೇಕಾದರೂ ಹಿಂದಕ್ಕೆ ಓಡಿಸಿ ನೋಡುತ್ತಾಳೆ. ಯಾರೂ ಅವಳತ್ತ ತಿರುಗಿ ನೋಡುವುದಿಲ್ಲ. ಹಿಂದುಳಿದ ಮಕ್ಕಳಿಗೆ ಕಂಪ್ಯೂಟರ್ ಕೊಟ್ಟಿರುವ ದೊಡ್ಡ ಕೊಡುಗೆ ಇದು: ನಾಚಿಕೆಯಿಲ್ಲದೆ ನಿಧಾನವಾಗಿ ಕಲಿಯುವ ಅವಕಾಶ.

ಪರದೆಯ ರೋಗಿ, ಮಾಕಳಿಯ ರೋಗಿ

ಮಧ್ಯಾಹ್ನ ಎರಡಕ್ಕೆ ಲ್ಯಾಬಿನಲ್ಲಿ ಇನ್ನೊಂದು ಕೇಸು. ಪರದೆಯಲ್ಲಿ ಈಗ ಎದೆನೋವಿನ ಹೆಂಗಸು. ಬಣ್ಣ, ಬಟ್ಟೆ, ಕೋಣೆಯ ಸೋಫಾ ಎಲ್ಲವೂ ಬೇರೆ ದೇಶದ್ದು. ಆಕೆ ತನ್ನ ನೋವನ್ನು ಒಂದರಿಂದ ಹತ್ತರೊಳಗೆ ಎಂಟು ಎಂದು ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಎಡತೋಳಿಗೆ ಹರಡುತ್ತಿದೆ ಎಂದೂ ತಾನೇ ತಿಳಿಸುತ್ತಾಳೆ. ವಿದ್ಯಾರ್ಥಿಗಳು ಪಟಪಟನೆ ಗುಂಡಿ ಒತ್ತುತ್ತಾರೆ: ಇಸಿಜಿ, ಆಮ್ಲಜನಕದ ಪ್ರಮಾಣ, ಡಾಕ್ಟರಿಗೆ ಕರೆ. ಅಂಕ 90 ದಾಟುತ್ತದೆ.

ಅದೇ ವಾರ ಅದೇ ಮಕ್ಕಳು ನೆಲಮಂಗಲದ ಆಸ್ಪತ್ರೆಯಲ್ಲೋ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯಲ್ಲೋ ನಿಲ್ಲುತ್ತಾರೆ. ಅಲ್ಲಿಗೆ ಬರುವ ಅಜ್ಜಿ ಒಂದರಿಂದ ಹತ್ತರ ಲೆಕ್ಕ ಹೇಳುವುದಿಲ್ಲ. “ಏನಿಲ್ಲ ಕಣವ್ವ, ನೆನ್ನೆಯಿಂದ ಎದೆ ಮ್ಯಾಲೆ ಏನೋ ಕೂತ್ಕಂಡಂಗೈತೆ. ಗ್ಯಾಸು ಅನ್ಕಂಡು ಸೋಡ ಕುಡಿದೆ” ಎನ್ನುತ್ತಾಳೆ. ಆ ‘ಏನಿಲ್ಲ’ದ ಹಿಂದೆ ಹೃದಯಾಘಾತ ಇರಬಹುದು. ವಯಸ್ಸಾದ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವು ಹೀಗೆ ಮಂದವಾಗಿಯೇ ಬರುವುದುಂಟು. ಜೊತೆಗೆ ಬಂದ ಸೊಸೆ ಮಾತಿಗೆ ಅಡ್ಡ ಬರುತ್ತಾಳೆ, ಮಗ ಬಿಲ್ಲಿನ ಚಿಂತೆಯಲ್ಲಿರುತ್ತಾನೆ. ಅಜ್ಜಿ ಯಾವ ಮಾತ್ರೆ ನುಂಗುತ್ತಿದ್ದಾಳೆಂದು ಕೇಳಿದರೆ “ಬಿಳೀದೊಂದು, ಕೆಂಪುದೊಂದು” ಎಂಬ ಉತ್ತರ. ಪರದೆಯಲ್ಲಿ 90 ತೆಗೆದ ಹುಡುಗಿ ಇಲ್ಲಿ ತಡವರಿಸುತ್ತಾಳೆ. ಕೊಟ್ಟಾಯಂನ ಹುಡುಗಿಗಂತೂ ಎರಡು ಗೋಡೆ: ಕಾಯಿಲೆಯ ಜೊತೆಗೆ ಭಾಷೆಯೂ.

ಟ್ಯೂಟರ್ ಅವರ ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಪರದೆ ಆರಿಸಿ ಕುರ್ಚಿಗಳನ್ನು ದುಂಡಗೆ ಎಳೆಸುತ್ತಾರೆ. ಡಿಬ್ರೀಫಿಂಗ್ ಎಂದು ಪುಸ್ತಕ ಇದನ್ನೇ ಕರೆಯುತ್ತದೆ. ಯಾರು ಎಷ್ಟು ತೆಗೆದರು ಎಂದು ಅವರು ಕೇಳುವುದಿಲ್ಲ.

“ಇಸಿಜಿ ಮಾಡ್ಬೇಕು ಅಂತ ನಿಂಗೆ ಯಾವಾಗ ಅನ್ನಿಸ್ತು?”

“ತೋಳು ನೋವು ಅಂದಾಗ ಮ್ಯಾಮ್.”

“ತೋಳು ನೋವು ಅಂತ ಹೇಳದೇ ಹೋಗಿದ್ರೆ?”

ಸುಮ್ಮನಾಗುತ್ತಾರೆ. ಆಮೇಲೆ ಒಬ್ಬಳು, “ಬೆವರು ನೋಡ್ತಿದ್ದೆ” ಎನ್ನುತ್ತಾಳೆ. ಮತ್ತೊಬ್ಬಳು, “ನಮ್ಮಜ್ಜಿಗೆ ಹಂಗೇ ಆಗಿತ್ತು, ಬರೀ ಸುಸ್ತು ಅಂತಿದ್ರು” ಎಂದು ನೆನಪಿಸಿಕೊಳ್ಳುತ್ತಾಳೆ. ಟ್ಯೂಟರ್ ಬೋರ್ಡಿನ ಮೇಲೆ ಎರಡು ಸಾಲು ಬರೆಯುತ್ತಾರೆ. ಒಂದರಲ್ಲಿ ಪರದೆಯ ಹೆಂಗಸು ಹೇಳಿದ್ದು, ಇನ್ನೊಂದರಲ್ಲಿ ನಮ್ಮ ಕಡೆಯವರು ಹೇಳುವುದು. ಎರಡನೇ ಸಾಲು ಬೇಗ ತುಂಬುತ್ತದೆ: ಎದೆ ಹಿಡ್ಕೊಂಡಂಗೆ, ಉಸ್ರು ಕಟ್ದಂಗೆ, ಮಂಕು ಕವಿದಂಗೆ, ಕೈಕಾಲು ಬಿದ್ದೋದಂಗೆ. ಕೊಟ್ಟಾಯಂನ ಹುಡುಗಿ ಅದನ್ನು ಮಲಯಾಳ ಅಕ್ಷರದಲ್ಲಿ ಬರೆದುಕೊಳ್ಳುತ್ತಾಳೆ. ಸೈಕಲ್ ಕಲಿಸುವ ಅಣ್ಣ ಸೀಟು ಹಿಡಿದುಕೊಂಡೇ ಓಡಿ, ಸಮಯ ನೋಡಿ ಕೈ ಬಿಡುವ ಹಾಗೆ, ಟ್ಯೂಟರ್ ಪ್ರಶ್ನೆ ಕೇಳುತ್ತಾ ಕೇಳುತ್ತಾ ಮಾತನ್ನು ಅವರಿಗೇ ಬಿಟ್ಟುಬಿಡುತ್ತಾರೆ. ಆ ಇಪ್ಪತ್ತು ನಿಮಿಷದಲ್ಲಿ ನಡೆದ ಕಲಿಕೆಯನ್ನು ಯಾವ ಅಂಕವೂ ಅಳೆಯಲಾರದು.

ಪರದೆ ಕೊಡಲಾರದ್ದು ಇನ್ನೂ ಇದೆ. ನಡುಗುವ ಮುದಿಕೈಯಲ್ಲಿ ನರ ಹುಡುಕುವಾಗ ಬೆರಳಿಗೆ ಸಿಗುವ ಆ ಮೆತ್ತನೆಯ ಪುಟಿತ, ಹಾಸಿಗೆಹುಣ್ಣಿನ ವಾಸನೆ, ಹೆರಿಗೆ ನೋವಿನಲ್ಲಿ ಕೈ ಬಿಗಿಯಾಗಿ ಹಿಡಿದ ಹೆಂಗಸಿನ ಉಗುರಿನ ಗುರುತು, ರಾತ್ರಿ ಮೂರಕ್ಕೆ ಸಾವಿನ ಸುದ್ದಿ ಹೇಳಬೇಕಾದ ಡಾಕ್ಟರ ಪಕ್ಕದಲ್ಲಿ ನಿಲ್ಲುವ ಬಗೆ. ಇವು ವಾರ್ಡಿನಲ್ಲೇ ಬರಬೇಕು, ದೊಡ್ಡ ಸಿಸ್ಟರುಗಳ ನೆರಳಿನಲ್ಲೇ ಬರಬೇಕು. ಲ್ಯಾಬಿನಲ್ಲಿ ಹನಿ ಎಣಿಸುವುದು ಪಕ್ಕಾ ಆಗಿದ್ದರೆ ವಾರ್ಡಿನಲ್ಲಿ ಕಣ್ಣು ಬಾಟಲಿಯ ಮೇಲೆ ಅಂಟಿಕೊಂಡಿರುವುದಿಲ್ಲ, ಮುಖ ನೋಡಲು ಬಿಡುವಾಗುತ್ತದೆ. ಕಂಪ್ಯೂಟರ್ ಕಲಿಕೆಯ ಸಾರ್ಥಕತೆ ಇರುವುದು ಇಲ್ಲಿ. ಅದು ವಾರ್ಡಿನ ಜಾಗ ಕಸಿಯಬಾರದು, ವಾರ್ಡಿಗೆ ಹುಡುಗಿಯನ್ನು ಸಿದ್ಧ ಮಾಡಿ ಕಳುಹಿಸಬೇಕು.

ನಮ್ಮ ಕೇಸ್ ನಾವೇ ಬರೆಯೋಣ

ಕಂಪ್ಯೂಟರ್ ಲ್ಯಾಬ್ ಇರಬೇಕೆಂಬುದು ನಿಯಮ. ತಪಾಸಣೆ ಬರುವ ವಾರ ಧೂಳು ಒರೆಸಿ, ಹೋದ ಮೇಲೆ ಬೀಗ ಹಾಕುವ ಲ್ಯಾಬುಗಳೂ ಈ ನಾಡಿನಲ್ಲಿವೆ. ಅದು ಮಕ್ಕಳಿಗೆ ಮಾಡುವ ಅನ್ಯಾಯ. ಸಾಲ ಮಾಡಿ ಫೀಸು ಕಟ್ಟಿದ ಅಪ್ಪ ಅಮ್ಮಂದಿರಿಗೆ ಮಾಡುವ ಅನ್ಯಾಯ. ನಾಳೆ ಆ ಮಕ್ಕಳ ಕೈಗೆ ಬರುವ ರೋಗಿಗೆ ಮಾಡುವ ಅನ್ಯಾಯ. ಲ್ಯಾಬು ಸಂಜೆ ಏಳರವರೆಗೆ ತೆರೆದಿರಬೇಕು. ಕೆಟ್ಟ ಸಿಸ್ಟಂ ವಾರದೊಳಗೆ ರಿಪೇರಿಯಾಗಬೇಕು. ಟ್ಯೂಟರುಗಳಿಗೆ ಡಿಬ್ರೀಫಿಂಗ್ ಮಾಡುವ ತರಬೇತಿ ಸಿಗಬೇಕು. ಗುರುಗ್ರಾಮದ ಎಸ್‌ಜಿಟಿ ವಿಶ್ವವಿದ್ಯಾಲಯದಲ್ಲಿರುವ ರಾಷ್ಟ್ರೀಯ ಸಿಮ್ಯುಲೇಷನ್ ಕೇಂದ್ರದಂಥದ್ದು ನರ್ಸಿಂಗ್ ಕಾಲೇಜುಗಳೇ ತುಂಬಿರುವ ನಮ್ಮ ರಾಜ್ಯದಲ್ಲೂ ಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದಕ್ಕೆ ದೊಡ್ಡ ಖರ್ಚೇ ಬೇಡ. ಪರದೆಯೊಳಗೆ ನಮ್ಮ ರೋಗಿಗಳು ಬರಬೇಕು, ಕನ್ನಡ ಮಾತಾಡಬೇಕು. ಅಂಥ ಕೇಸುಗಳು ಮಾಕಳಿಯ ಸುತ್ತಲೇ ಎಷ್ಟೊಂದಿವೆ! ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ತಿಂಡಿ ತಿನ್ನದೆ ಗಾಡಿ ಹತ್ತಿದ ಲಾರಿ ಡ್ರೈವರ್: ಕೈ ನಡುಕ, ತಣ್ಣನೆ ಬೆವರು, ಸಕ್ಕರೆ 70ಕ್ಕಿಂತ ಕೆಳಗೆ. ಕುಡಿದಿದ್ದಾನೆಂದು ಜನ ದೂರ ಸರಿಯುತ್ತಾರೆ. ಸಿಸ್ಟರ್ ಮೊದಲು ಏನು ಮಾಡಬೇಕು? ಪ್ರಜ್ಞೆ ಇದ್ದರೆ 15 ಗ್ರಾಂ ಗ್ಲೂಕೋಸ್ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಮುಖಕ್ಕೆ ಬಟ್ಟೆ ಕಟ್ಟದೆ ತೋಟಕ್ಕೆ ಔಷಧಿ ಹೊಡೆದು ಬಂದ ರೈತ: ಜೊಲ್ಲು, ಸೂಜಿಮೊನೆಯಷ್ಟಾದ ಕಣ್ಣಪಾಪೆ, ನಿಧಾನವಾದ ನಾಡಿ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ ಹುಡುಗ: ಹೊರಗೆ ರಕ್ತ ಕಾಣುತ್ತಿಲ್ಲ, ಬಿಪಿ ಮಾತ್ರ ಇಳಿಯುತ್ತಿದೆ. ಕಾರ್ಖಾನೆಯಲ್ಲಿ ನಿಂತೇ ಕೆಲಸ ಮಾಡುವ ಏಳು ತಿಂಗಳ ಬಸುರಿ: ಕಾಲು ಊದಿದೆ, ತಲೆ ನೋವು, ಕಣ್ಣು ಮಂಜು, “ಎಲ್ರಿಗೂ ಹಂಗೇ ಆಗ್ತದೆ ಅಂದ್ರು ಅತ್ತೆ” ಎನ್ನುತ್ತಾಳೆ. ಅದು ಬಸುರಿಯ ರಕ್ತದೊತ್ತಡದ ಅಪಾಯ ಎಂದು ಗುರುತಿಸಲು ಹತ್ತೊಂಬತ್ತರ ಹುಡುಗಿ ಕಲಿಯಬೇಕು, ಆ ಬಸುರಿ ಆಸ್ಪತ್ರೆಗೆ ಬರುವ ಮೊದಲೇ ಕಲಿತಿರಬೇಕು.

ಇಂಥ ಕೇಸು ಬರೆಯಲು ಅಮೆರಿಕದ ಸಾಫ್ಟ್‌ವೇರ್ ಬೇಡ. ಕವಲೊಡೆಯುವ ಪ್ರಶ್ನೆಗಳ ಸರಣಿಯನ್ನು ಸಾಮಾನ್ಯ ಕ್ವಿಜ್ ಫಾರ್ಮಿನಲ್ಲೇ ಕಟ್ಟಬಹುದು. ರೋಗಿಯ ಮಾತನ್ನು ಫೋನಿನಲ್ಲಿ ದಾಖಲಿಸಬಹುದು. ಪಾತ್ರ ಮಾಡಲು ಕ್ಯಾಂಟೀನಿನ ಅಜ್ಜಿ, ಬಸ್ಸಿನ ಡ್ರೈವರ್, ಕಾಲೇಜಿನ ಆಯಾ ಇದ್ದಾರೆ, ಕೇಳಿದರೆ ಖುಷಿಯಿಂದ ಒಪ್ಪುತ್ತಾರೆ. ಒಂದು ಕಾಲೇಜು ವರ್ಷಕ್ಕೆ ನಾಲ್ಕೇ ಕೇಸು ಬರೆದು ಅಕ್ಕಪಕ್ಕದ ಕಾಲೇಜುಗಳಿಗೆ ಕೊಟ್ಟರೂ ಈ ಒಂದು ರಸ್ತೆಯಲ್ಲೇ ಒಳ್ಳೆಯ ಭಂಡಾರ ಬೆಳೆಯುತ್ತದೆ. ವಿಶ್ವವಿದ್ಯಾಲಯ ಅದನ್ನು ಪರಿಶೀಲಿಸಿ ತನ್ನ ಜಾಲದಲ್ಲಿಟ್ಟರೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಸಿಗುತ್ತದೆ. ಬೀದರಿನವರು ತಮ್ಮ ಕಡೆಯ ಮಾತಿನ ಕೇಸು ಸೇರಿಸುತ್ತಾರೆ, ಕರಾವಳಿಯವರು ತಮ್ಮದನ್ನು. ಕೇರಳದ, ಮಣಿಪುರದ ಮಕ್ಕಳು ವಾರ್ಡಿಗೆ ಹೋಗುವ ಮೊದಲೇ ಕನ್ನಡದ ನೋವನ್ನು ಕೇಳಿಸಿಕೊಂಡಿರುತ್ತಾರೆ.

ಬೇಕಾಗಿರುವುದು ಬರೆಯುವವರಿಗೆ ಸಮಯ. ಪಾಠ, ಪೋಸ್ಟಿಂಗ್, ಲಾಗ್ ಬುಕ್ ಸಹಿ, ಹಾಸ್ಟೆಲ್ ಉಸ್ತುವಾರಿ ಎಲ್ಲವನ್ನೂ ಹೊತ್ತ ಟ್ಯೂಟರಿಗೆ ಇದನ್ನೂ ಮನೆಗೆ ಹೊರಿಸಿದರೆ ಆಗದು. ವಾರಕ್ಕೆ ಎರಡು ಗಂಟೆ ಕೇಸ್ ಬರೆಯುವುದಕ್ಕೆ ಎಂದು ಟೈಂಟೇಬಲ್ಲಿನಲ್ಲೇ ಹಾಕಿಕೊಡಿ, ಅದನ್ನು ಬೋಧನೆಯ ಗಂಟೆಯೆಂದೇ ಲೆಕ್ಕಕ್ಕೆ ಹಿಡಿಯಿರಿ. ಹೊಸ ಕಂಪ್ಯೂಟರ್ ಕೊಳ್ಳಲು ದುಡ್ಡು ಮೀಸಲಿಡುವ ಪ್ರತಿ ಆಡಳಿತ ಮಂಡಳಿಯೂ ಆ ಎರಡು ಗಂಟೆಯನ್ನೂ ಮೀಸಲಿಡಲಿ. ಯಂತ್ರ ಐದು ವರ್ಷಕ್ಕೆ ಹಳತಾಗುತ್ತದೆ. ಚೆನ್ನಾಗಿ ಬರೆದ ಒಂದು ಕೇಸು ಮುಂದಿನ ಹತ್ತು ಬ್ಯಾಚಿನ ಸಿಸ್ಟರುಗಳಿಗೆ ಕೈ ಹಿಡಿದು ಕಲಿಸುತ್ತದೆ.